ಹೊರಡುವ ಮುಂಚಿನ ಹತ್ತು ಗಂಟೆ: ಸೆಕ್ಷನ್ ಕಮಾಂಡರ್‌ಗೆ ಯೋಜನೆ ಮತ್ತು ತಯಾರಿ ಕಲಿಸುವುದು ಹೇಗೆ

ಸೇನೆಯಲ್ಲಿ ಹತ್ತು ಜನರ ಚಿಕ್ಕ ತುಕಡಿಗೆ ಸೆಕ್ಷನ್ ಅನ್ನುತ್ತೇವೆ. ಮೇಲಿನಿಂದ ಆದೇಶ ಸಿಕ್ಕ ಕೂಡಲೇ ಹೊಸ ಸೆಕ್ಷನ್ ಕಮಾಂಡರ್ ಏನು ಮಾಡುತ್ತಾನೆ ಗೊತ್ತಾ? ನೋಟ್‌ಬುಕ್ ಹಿಡಿದು ಮರದ ಬುಡಕ್ಕೆ ಹೋಗಿ ಒಬ್ಬನೇ ಕೂರುತ್ತಾನೆ. ಬರೆಯುತ್ತಾನೆ, ಹೊಡೆದು ಹಾಕುತ್ತಾನೆ, ಮತ್ತೆ ಬರೆಯುತ್ತಾನೆ. ಅವನ ಒಂಬತ್ತು ಜನ ಸುಮ್ನೆ ಕೂತು ಅವನ ಮುಖ ನೋಡುತ್ತಿರುತ್ತಾರೆ.

ನಾನೂ ಹಾಗೆ ಮಾಡಿದವನು. ಆಗ ನಾಯಕ್ ದರ್ಜೆಗೆ ಏರಿದ ಹೊಸತು. ಒಂದು ತರಬೇತಿ ಶಿಬಿರದಲ್ಲಿ ಮಧ್ಯಾಹ್ನ 2 ಗಂಟೆಗೆ ಆದೇಶ ಸಿಕ್ಕಿತು. ರಾತ್ರಿ 8ಕ್ಕೆ ಹೊರಡಬೇಕು. ನಾನು 7.15ರ ತನಕ ಬರೆಯುತ್ತಲೇ ಇದ್ದೆ. ಜನರಿಗೆ ಉಳಿದದ್ದು ಮುಕ್ಕಾಲು ಗಂಟೆ. ಅರ್ಧ ದಾರಿಯಲ್ಲಿ ರೇಡಿಯೊ ಬ್ಯಾಟರಿ ಮುಗಿಯಿತು. ಎರಡನೆಯ ಬ್ಯಾಟರಿ ಯಾರ ಹತ್ತಿರ ಇರಬೇಕು ಅಂತ ನನ್ನ ಕಾಗದದಲ್ಲಿ ಹೆಸರು ಸಮೇತ ಬರೆದಿತ್ತು. ಆ ಹುಡುಗನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಆ ರಾತ್ರಿಯ ಕೆಲಸ ಕೆಟ್ಟಿತು. ಆಮೇಲೆ ಹವಾಲ್ದಾರ್ ಆಗಿ ಹೊಸ ನಾಯಕ್‌ಗಳಿಗೆ ಕಲಿಸುವ ಕೆಲಸ ಸಿಕ್ಕಾಗಲೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ಇದನ್ನೇ. ಈಗ ನಿವೃತ್ತನಾಗಿ ಕಾರವಾರದಲ್ಲಿದ್ದೇನೆ. ರಜೆಗೆ ಬಂದ ಹೊಸ ನಾಯಕ್‌ಗಳಿಗೆ, ಸುತ್ತಲಿನ ಕೆಡೆಟ್‌ಗಳಿಗೆ ಇವತ್ತಿಗೂ ಅದನ್ನೇ ಹೇಳುತ್ತೇನೆ. ಹೊರಡುವ ಮುಂಚಿನ ಹೊತ್ತು ಕಮಾಂಡರ್ ಒಬ್ಬನದಲ್ಲ. ಅದರಲ್ಲಿ ದೊಡ್ಡ ಪಾಲು ಅವನ ಕೈಕೆಳಗಿನವರದು.

ಈ ಮಾರ್ಗದರ್ಶಿ ಕಲಿಸುವವರಿಗಾಗಿ. ಸೆಕ್ಷನ್ ಕಮಾಂಡರ್‌ಗೋ ಸೀನಿಯರ್ ಕೆಡೆಟ್‌ಗೋ ಯೋಜನೆ ಹೇಳಿಕೊಡಬೇಕಾದವರು ನೀವಾಗಿದ್ದರೆ ಇದನ್ನು ಹೀಗೇ ಬಳಸಬಹುದು. ಆದೇಶ ಸಿಕ್ಕಾಗಿನಿಂದ ಹೊರಡುವ ತನಕದ ಈ ಇಡೀ ಕ್ರಮಕ್ಕೆ ನಮ್ಮ ಸೇನೆಯಲ್ಲಿ ಬ್ಯಾಟಲ್ ಪ್ರೊಸೀಜರ್ ಅನ್ನುತ್ತಾರೆ. ಅಮೆರಿಕದ ಸೇನೆ ಇದನ್ನೇ ಎಂಟು ಹೆಜ್ಜೆಗಳಾಗಿ ಕಲಿಸುತ್ತದೆ. ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ.

ಮೊದಲು ಅಭ್ಯಾಸಕ್ಕೆ ಒಂದು ಜಾಗ ಹುಡುಕಿ

ತರಗತಿಯಲ್ಲಿ ಬೋರ್ಡ್ ಮೇಲೆ ಹೆಜ್ಜೆಗಳನ್ನು ಬರೆಸಿದರೆ ಹುಡುಗರು ಬಾಯಿಪಾಠ ಮಾಡುತ್ತಾರೆ, ಅಷ್ಟೇ. ನೆಲ ಬೇಕು. ಆ ನೆಲದಲ್ಲಿ ಗಡಿಯಾರಕ್ಕೆ ಕಟ್ಟುಬಿದ್ದ ಒಂದು ಅಡ್ಡಿ ಬೇಕು. ನಮ್ಮ ಕರಾವಳಿಯಲ್ಲಿ ಅಂಥ ಅಡ್ಡಿ ಪುಕ್ಕಟೆ ಸಿಗುತ್ತದೆ. ಅದೇ ಸಮುದ್ರದ ಉಬ್ಬರ ಇಳಿತ. ಕಾಳಿ ನದಿಯ ಹಿನ್ನೀರು, ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಒಡ್ಡುಗಳು, ಕಾಂಡ್ಲಾ ಗಿಡಗಳ ನಡುವಿನ ಉಪ್ಪುನೀರಿನ ಹಳ್ಳಗಳು. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನೀವು ಎಷ್ಟು ಕೂಗಿದರೂ ಅದು ಕಾಯುವುದಿಲ್ಲ. ಟೈಮ್ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಕಲಿಸುವ ಉಸ್ತಾದನನ್ನು ನಾನು ಕಂಡಿಲ್ಲ.

ಶಿರಸಿ ಕಡೆಯವರಾದರೆ ಅಡಿಕೆ ತೋಟದ ಕೆಳಗಿನ ಹಳ್ಳ, ಬೆಟ್ಟದ ಕಾಲುದಾರಿ ಆರಿಸಿಕೊಳ್ಳಿ. ಅಲ್ಲಿ ನೀರಿನ ಬದಲು ಬೇಗ ಕವಿಯುವ ಕತ್ತಲೆ, ಮಳೆ, ಇಂಬಳಗಳೇ ಪರೀಕ್ಷೆ ಮಾಡುತ್ತವೆ.

ನಾನು ಕೊಡುವ ಅಭ್ಯಾಸ ಸರಳವಾದದ್ದು. ಹತ್ತು ಜನರ ಸೆಕ್ಷನ್. ರಾತ್ರಿ ಹಳ್ಳ ದಾಟಿ ಆಚೆ ದಂಡೆಯ ಒಂದು ಧಕ್ಕೆಯನ್ನು (ದೋಣಿ ನಿಲ್ಲುವ ಕಟ್ಟೆಯನ್ನು) ಮರೆಯಲ್ಲಿ ಕೂತು ನೋಡಬೇಕು. ಎಷ್ಟು ದೋಣಿ, ಎಷ್ಟು ಜನ ಅಂತ ತಿಳಿದು ಬೆಳಗಿನ 4ರ ಒಳಗೆ ಬಂದು ಹೇಳಬೇಕು. ಆದೇಶ ಕೊಡುವುದು ಬೆಳಿಗ್ಗೆ 10ಕ್ಕೆ. ಕೃಷ್ಣ ಪಕ್ಷದ ಸಪ್ತಮಿಯ ಆಸುಪಾಸಿನ ದಿನ ಆರಿಸಿದರೆ ರಾತ್ರಿ 10ರ ಹೊತ್ತಿಗೆ ಇಳಿತ ಇರುತ್ತದೆ, ಚಂದ್ರ ಇನ್ನೂ ಹುಟ್ಟಿರುವುದಿಲ್ಲ. ಅಂದಾಜಿಗೆ ಇಷ್ಟು ಸಾಕು. ಪಕ್ಕಾ ಸಮಯವನ್ನು ಆ ದಿನದ ಉಬ್ಬರ ಇಳಿತದ ಪಟ್ಟಿ ನೋಡಿಯೇ ತೆಗೆದುಕೊಳ್ಳಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೀರಿನ ಅಭ್ಯಾಸ ಅಂದರೆ ಎಲ್ಲರಿಗೂ ಲೈಫ್ ಜಾಕೆಟ್ ಬೇಕು, ಹತ್ತಿರದಲ್ಲಿ ಊರಿನ ಮೀನುಗಾರರ ದೋಣಿ ನಿಂತಿರಬೇಕು, ಈಜು ಬಾರದವನ ಹೆಸರು ನಿಮ್ಮ ಕೈಯಲ್ಲಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಹಳ್ಳಕ್ಕೆ ಇಳಿಸಲೇಬೇಡಿ. ಡಿಸೆಂಬರ್, ಜನವರಿ ಒಳ್ಳೆಯ ಕಾಲ.

ಹೊತ್ತಿನ ಲೆಕ್ಕ: ಕೊನೆಯಿಂದ ಹಿಂದಕ್ಕೆ

ಆದೇಶ ಸಿಕ್ಕ ಮೇಲೆ ಮೊದಲ ಹತ್ತು ನಿಮಿಷದಲ್ಲಿ ನಕ್ಷೆಗಿಂತ ಮುಂಚೆ ಗಡಿಯಾರ ನೋಡಲು ಕಲಿಸಿ. ಲೆಕ್ಕ ತುದಿಯಿಂದ ಶುರುವಾಗಬೇಕು. ರಾತ್ರಿ 10ಕ್ಕೆ ಹಳ್ಳದ ದಂಡೆಯಲ್ಲಿರಬೇಕು. ಕತ್ತಲಲ್ಲಿ ಅಲ್ಲಿಗೆ ಒಂದೂವರೆ ಗಂಟೆ ನಡಿಗೆ. ಅಂದರೆ 8.30ಕ್ಕೆ ಹೊರಡಬೇಕು. ಬೆಳಿಗ್ಗೆ 10ರಿಂದ ರಾತ್ರಿ 8.30ಕ್ಕೆ ಹತ್ತೂವರೆ ಗಂಟೆ. ಇದನ್ನು ಮೂರು ಪಾಲು ಮಾಡಿ. ಒಂದು ಪಾಲು ಕಮಾಂಡರ್‌ನದು, ಎರಡು ಪಾಲು ಅವನ ಜನರದು. ಒಂದು ಪಾಲು ಅಂದರೆ ಮೂರೂವರೆ ಗಂಟೆ. ಹಾಗಾದರೆ ಮಧ್ಯಾಹ್ನ 1.30ಕ್ಕೆ ಅವನ ಪೂರ್ತಿ ಆದೇಶ ಜನರ ಕಿವಿಗೆ ಬೀಳಲೇಬೇಕು.

ಇಲ್ಲಿ ನಾನು ತುಂಬ ಕಟ್ಟುನಿಟ್ಟು. 1.30 ಆದ ಕೂಡಲೇ ಸೀಟಿ ಊದುತ್ತೇನೆ. ಯೋಜನೆ ಅರ್ಧಂಬರ್ಧ ಇದ್ದರೂ ಅದನ್ನೇ ಹೇಳಬೇಕು. ಮೊದಲ ಸಲ ಹುಡುಗರಿಗೆ ಸಿಟ್ಟು ಬರುತ್ತದೆ. "ಉಸ್ತಾದ್, ಇನ್ನು ಹದಿನೈದೇ ನಿಮಿಷ ಕೊಡಿ" ಅಂತಾರೆ. ಕೊಡಬೇಡಿ. ಆ ಹದಿನೈದು ನಿಮಿಷ ಬರುವುದು ಇನ್ನೊಬ್ಬನ ರಿಹರ್ಸಲ್‌ನಿಂದ, ಊಟದಿಂದ, ನಿದ್ದೆಯಿಂದ.

ಉಳಿದ ಹೊತ್ತನ್ನೂ ಅವನ ಕೈಯಲ್ಲೇ ಬರೆಸಿ. 8ಕ್ಕೆ ಕೊನೆಯ ತಪಾಸಣೆ, 7ಕ್ಕೆ ಕತ್ತಲಲ್ಲಿ ರಿಹರ್ಸಲ್, 6ಕ್ಕೆ ಊಟ, 4ಕ್ಕೆ ಬೆಳಕಿನಲ್ಲಿ ರಿಹರ್ಸಲ್, ಅದಕ್ಕೂ ಮುಂಚೆ ಸಾಮಾನು ತಯಾರಿ ಮತ್ತು ವಿಶ್ರಾಂತಿ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಆರೂಕಾಲರ ಒಳಗೆ ಸೂರ್ಯ ಮುಳುಗುತ್ತಾನೆ, ಆರೂಮುಕ್ಕಾಲಿಗೆ ಸರಿಯಾಗಿ ಕತ್ತಲಾಗುತ್ತದೆ. ಅದಕ್ಕೇ 7ಕ್ಕೆ ಕತ್ತಲ ರಿಹರ್ಸಲ್ ಇಟ್ಟದ್ದು.

ವಾರ್ನಿಂಗ್ ಆರ್ಡರ್: ಅರೆಬರೆ ಗೊತ್ತಿದ್ದರೂ ಹೇಳು

10.15ರ ಒಳಗೆ ಸೆಕ್ಷನ್‌ಗೆ ಮುನ್ಸೂಚನೆ ಹೋಗಬೇಕು. ಹೊಸಬರು ಇದಕ್ಕೆ ಹಿಂಜರಿಯುತ್ತಾರೆ. ಪೂರ್ತಿ ಗೊತ್ತಿಲ್ಲದೆ ಮಾತಾಡಿದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಅಂಜಿಕೆ. "ರಾತ್ರಿ ನೀರು ದಾಟುವ ಕೆಲಸ ಇದೆ, 8.30ಕ್ಕೆ ಹೊರಡುವುದು, ಬೆಳಗಿನ ತನಕ ಹೊರಗೆ, ಪೂರ್ತಿ ಆದೇಶ ಇದೇ ಜಾಗದಲ್ಲಿ 1.30ಕ್ಕೆ" ಅಂತ ನಾಲ್ಕು ಮಾತು ಹೇಳಿದರೂ ಹತ್ತು ಕೈಗಳಿಗೆ ಕೆಲಸ ಸಿಗುತ್ತದೆ. ಒಬ್ಬ ಹಗ್ಗ ತರುತ್ತಾನೆ, ಇನ್ನೊಬ್ಬ ಬ್ಯಾಟರಿ ಚಾರ್ಜ್‌ಗೆ ಹಾಕುತ್ತಾನೆ. ಸೆಕ್ಷನ್ ಟೂ ಐಸಿ, ಅಂದರೆ ಕಮಾಂಡರ್‌ನ ನಂತರದವನು, ಸಾಮಾನಿನ ಪಟ್ಟಿ ಕೈಗೆತ್ತಿಕೊಳ್ಳುತ್ತಾನೆ. ಎಲ್ಲರೂ ಪ್ಲಾಸ್ಟಿಕ್ ಚೀಲ ಹುಡುಕುತ್ತಾರೆ. ಯಾರು ಯಾವುದನ್ನು ಎಷ್ಟು ಗಂಟೆಯೊಳಗೆ ಮುಗಿಸಬೇಕು ಅಂತ ಹೆಸರು ಹಿಡಿದು ಹೇಳಲು ಕಲಿಸಿ. "ಯಾರಾದರೂ ನೋಡಿಕೊಳ್ಳಿ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಯೋಚನೆ ಮಾಡುವುದನ್ನು ಕಲಿಸುವುದು

ಈಗ ಅವನು ಮರದ ಬುಡಕ್ಕೆ ಹೋಗಬಹುದು. ಅವನ ಮುಂದೆ ಆರು ವಿಷಯಗಳಿವೆ. ಕೆಲಸ, ಎದುರಾಳಿ, ನೆಲ ಮತ್ತು ಹವೆ, ನಮ್ಮ ಜನ, ಹೊತ್ತು, ಅಲ್ಲಿ ಬದುಕುವ ಊರಿನವರು. ಆರಕ್ಕೂ ಒಂದೇ ಅಳತೆಯ ಹೊತ್ತು ಬೇಡ. ಕೆಲಸ ಮತ್ತು ನೆಲಕ್ಕೆ ಜಾಸ್ತಿ ಕೊಡಿಸಿ.

ಕೆಲಸ ಅಂದರೆ ಯಾರು, ಏನು, ಎಲ್ಲಿ, ಯಾವಾಗ, ಯಾಕೆ. ಇದು ಒಂದು ವಾಕ್ಯದಲ್ಲಿ ಬರಬೇಕು. ಮೊದಲ ನಾಲ್ಕನ್ನು ಎಲ್ಲರೂ ಬರೆಯುತ್ತಾರೆ. ಐದನೆಯದನ್ನು ಬಿಟ್ಟುಬಿಡುತ್ತಾರೆ. ನಮ್ಮ ಅಭ್ಯಾಸದಲ್ಲಿ ಯಾಕೆ ಅಂದರೆ, ಬೆಳಿಗ್ಗೆ ಪ್ಲಟೂನ್ (ಸೆಕ್ಷನ್‌ಗಿಂತ ದೊಡ್ಡ ತುಕಡಿ) ಅದೇ ಧಕ್ಕೆಯಲ್ಲಿ ಇಳಿಯಬೇಕಿದೆ. ಇದು ಗೊತ್ತಿದ್ದ ಹುಡುಗ ಧಕ್ಕೆ ಖಾಲಿ ಇದ್ದರೆ ಸುಮ್ಮನೆ ವಾಪಸ್ ಬರುವುದಿಲ್ಲ. ಪಕ್ಕದ ದಂಡೆಯಲ್ಲಿ ಕೆಸರು ಎಷ್ಟಿದೆ, ದೋಣಿ ತಾಗಿಸಲು ಬರುತ್ತದಾ ಅಂತ ನೋಡಿಕೊಂಡು ಬರುತ್ತಾನೆ. ಯಾಕೆ ಅಂತ ಹೇಳದಿದ್ದರೆ "ಯಾರೂ ಇರಲಿಲ್ಲ ಸಾಬ್" ಅನ್ನುತ್ತಾನೆ. ಅದು ಅವನ ತಪ್ಪಲ್ಲ ಅಲ್ವಾ?

ನೆಲದ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಹೀಗೆ. ಎಲ್ಲಿಂದ ಎಲ್ಲಿಗೆ ಕಣ್ಣು ಹಾಯುತ್ತದೆ? ಮರೆ ಎಲ್ಲಿದೆ? ಅಡ್ಡಿ ಯಾವುದು? ಮುಖ್ಯವಾದ ಜಾಗ ಯಾವುದು? ಹೋಗುವ ಬರುವ ದಾರಿ ಎಷ್ಟು? ಇದನ್ನು ನಕ್ಷೆಯ ಮೇಲೆ ಹುಡುಕುವಾಗ ನಮ್ಮೂರಿನವರಿಗೆ ನಾನು ಕಾಳಿ ಸೇತುವೆ ನೆನಪಿಸುತ್ತೇನೆ. ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಅದಕ್ಕೂ ಮುಂಚೆ ಅಚ್ಚಾದ ನಕ್ಷೆಯಲ್ಲಿ ಅದು ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ನಿಮ್ಮ ಕೈಯಲ್ಲಿರುವ ನಕ್ಷೆ ಯಾವ ವರ್ಷದ್ದು ಅಂತ ನೋಡಿದ ಮೇಲೇ ಅದರ ಮೇಲೆ ಗೆರೆ ಎಳೆಯಲು ಬಿಡಿ.

ಇನ್ನು ನೀರು. ಇಲ್ಲಿ ನಾನು ಬೇಕಂತಲೇ ಒಂದು ಬಲೆ ಇಟ್ಟಿದ್ದೇನೆ. ರಾತ್ರಿ 10ರ ಇಳಿತ ನೋಡಿ ಎಲ್ಲರೂ ದಾಟುವ ಸಮಯ ಸರಿಯಾಗಿ ಹಾಕುತ್ತಾರೆ. ಧಕ್ಕೆಯ ಹತ್ತಿರ ಎರಡು ಗಂಟೆ ಕೂತು 1 ಗಂಟೆಗೆ ಅದೇ ಜಾಗದಲ್ಲಿ ವಾಪಸ್ ದಾಟುತ್ತೇವೆ ಅಂತ ಬರೆಯುತ್ತಾರೆ. ಆದರೆ ನೀರು ಆರು ಗಂಟೆಯಲ್ಲಿ ಏರುವುದು ಒಂದೇ ವೇಗದಲ್ಲಲ್ಲ. ಅದನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಮೂರು ಗಂಟೆಯಲ್ಲಿ ಅರ್ಧ ನೀರು ಬಂದಾಗಿರುತ್ತದೆ. ಹೋಗುವಾಗ ಸೊಂಟದ ತನಕ ಇದ್ದದ್ದು ಬರುವಾಗ ಎದೆ ದಾಟಬಹುದು. ಹಾಗಾಗಿ 11.30ರ ಒಳಗೆ ದಾಟಿ ಬರಬೇಕು, ಇಲ್ಲವೇ ಗಜನಿ ಒಡ್ಡಿನ ಮೇಲೆ ಸುತ್ತು ಹಾಕಿ ಬರಬೇಕು. ಎರಡರಲ್ಲಿ ಯಾವುದು ಅಂತ ಅವನೇ ನಿರ್ಧರಿಸಲಿ, ಕಾರಣ ಹೇಳಲಿ. ಮೊದಲೇ ಬಾಯಿಬಿಟ್ಟು ಹೇಳಿಕೊಡಬೇಡಿ. ಅವನ ಲೆಕ್ಕದಲ್ಲಿ ತಪ್ಪು ಉಳಿದರೆ ರಿಹರ್ಸಲ್‌ಗೆ ಮುಂಚೆ ಅವನನ್ನು ಒಬ್ಬನನ್ನೇ ಕರೆದು "ಬರುವಾಗ ನೀರು ಎಲ್ಲಿರುತ್ತದೆ?" ಅಂತ ಕೇಳಿ. ಜನರ ಎದುರು ಕೇಳಬೇಡಿ.

ಯೋಚನೆಯ ಕೊನೆಗೆ ಎರಡು ದಾರಿಗಳನ್ನಾದರೂ ಹೋಲಿಸಿ ಒಂದನ್ನು ಆರಿಸಬೇಕು. ಇದಿನ್ನೂ ಕರಡು, ಅಷ್ಟೇ.

ರೆಕ್ಕಿ: ಕಣ್ಣಾರೆ ನೋಡದೆ ಮುಗಿಸಬೇಡ

11ರಿಂದ 12.30ರ ತನಕ ರೆಕ್ಕಿ, ಅಂದರೆ ಜಾಗಕ್ಕೆ ಮೊದಲೇ ಹೋಗಿ ನೋಡಿ ಬರುವುದು. ಕಮಾಂಡರ್ ತನ್ನ ಜೊತೆ ಒಬ್ಬನನ್ನು ಕರೆದುಕೊಂಡು ಹೋಗಲಿ. ದೂರ ಜಾಸ್ತಿ ಇದ್ದರೆ ದಾಟುವ ಜಾಗದ ಹತ್ತಿರದ ತನಕ ಗಾಡಿಯಲ್ಲಿ ಬಿಟ್ಟು ಬನ್ನಿ, ಪಾಠ ಇರುವುದು ನೋಡುವುದರಲ್ಲಿ. ಶಿಬಿರದಲ್ಲಿ ಟೂ ಐಸಿ ಉಳಿಯಬೇಕು. ಹೋಗುವ ಮುಂಚೆ ಅವನಿಗೆ ಐದು ಮಾತು ಹೇಳಿ ಹೋಗಬೇಕು. ನಾನು ಎಲ್ಲಿಗೆ ಹೋಗುತ್ತೇನೆ, ಯಾರನ್ನು ಕರೆದೊಯ್ಯುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ, ಬರದಿದ್ದರೆ ನೀನು ಏನು ಮಾಡಬೇಕು, ನನಗೋ ನಿನಗೋ ಏನಾದರೂ ಆದರೆ ಏನು ಮಾಡಬೇಕು. ಚಿಕ್ಕ ಅಭ್ಯಾಸ, ಆದರೆ ಬದುಕಿನುದ್ದಕ್ಕೂ ಉಪಯೋಗಕ್ಕೆ ಬರುತ್ತದೆ.

ರಾತ್ರಿ ಇಳಿತಕ್ಕೆ ಸುಮಾರು ಹನ್ನೆರಡೂವರೆ ಗಂಟೆ ಮುಂಚೆ ಬೆಳಗಿನ ಇಳಿತ ಆಗಿರುತ್ತದೆ. ಅಂದರೆ 11ಕ್ಕೆ ಹೋದವನಿಗೆ ಹಳ್ಳದ ತಳ, ಕೆಸರು, ಚಿಪ್ಪಿನ ಬಂಡೆ ಇನ್ನೂ ಸ್ವಲ್ಪ ಕಾಣುತ್ತದೆ. ಅವಕಾಶ ಇದ್ದವನು ಸ್ವಲ್ಪ ಬೇಗ ಹೋಗಬೇಕು. ಒಂದು ಸೂಕ್ಷ್ಮ ಇದೆ. ಒಂದೇ ದಿನದ ಎರಡು ಇಳಿತಗಳು ನಮ್ಮ ಕರಾವಳಿಯಲ್ಲಿ ಒಂದೇ ಮಟ್ಟದವಲ್ಲ. ಬೆಳಿಗ್ಗೆ ಕಂಡ ನೀರೇ ರಾತ್ರಿಯೂ ಇರುತ್ತದೆ ಅಂತ ನಂಬುವ ಹಾಗಿಲ್ಲ. ಇನ್ನೊಂದು, ಅಷ್ಟಮಿಯ ಹತ್ತಿರದ ದಿನಗಳಲ್ಲಿ ನೀರು ಹುಣ್ಣಿಮೆ, ಅಮಾವಾಸ್ಯೆಯಷ್ಟು ಕೆಳಗೆ ಇಳಿಯುವುದಿಲ್ಲ.

ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಪುಸ್ತಕ ಅಲ್ಲ, ದೋಣಿಯ ಒಬ್ಬ ಹಿರಿಯ ತಾಂಡೇಲ (ದೋಣಿ ನಡೆಸುವ ಮುಖ್ಯಸ್ಥ). "ತಮ್ಮಾ, ತಿಥಿ ಹೇಳು, ನೀರು ಹೇಳ್ತೇನೆ" ಅನ್ನುತ್ತಿದ್ದರು. ಅಭ್ಯಾಸಕ್ಕೆ ಬಂದ ಹುಡುಗರನ್ನು ಅಂಥವರ ಹತ್ತಿರ ಕಳಿಸಿ. ಹೇಗೆ ಮಾತಾಡಿಸಬೇಕು, ಎಷ್ಟು ಕೇಳಬೇಕು, ರಾತ್ರಿಯ ಕೆಲಸ ಬಾಯಿಬಿಡದೆ ಹೇಗೆ ಕೇಳಬೇಕು ಅನ್ನುವುದೂ ಪಾಠವೇ. ಬಲೆ ಕಟ್ಟಿದ ಗೂಟ ಕೀಳಬಾರದು, ಗದ್ದೆಯ ಅಂಚು ತುಳಿಯಬಾರದು ಅಂತ ಮೊದಲೇ ಹೇಳಿ. ಊರಿನವರ ಅನ್ನದ ಮೇಲೆ ನಮ್ಮ ಅಭ್ಯಾಸ ನಡೆಯಬಾರದು.

ಆದೇಶ: ಮರಳಿನ ಮೇಲೆ

ವಾಪಸ್ ಬಂದು ಕರಡು ತಿದ್ದಿದ ಮೇಲೆ ಸ್ಯಾಂಡ್ ಮಾಡೆಲ್, ಅಂದರೆ ಆ ನೆಲದ ಮರಳಿನ ಮಾದರಿ, ಕಟ್ಟಬೇಕು. ನಮ್ಮಲ್ಲಿ ಮರಳಿಗೇನು ಬರ? ನೀಲಿ ದಾರ ಹಳ್ಳಕ್ಕೆ, ತೆಂಗಿನ ಗರಿ ಕಾಂಡ್ಲಾಕ್ಕೆ, ಚಿಪ್ಪು ಮನೆಗಳಿಗೆ. ಉತ್ತರ ದಿಕ್ಕು ಗುರುತಿಸಬೇಕು. ಮಾಡೆಲ್ ಕಟ್ಟುವ ಕೆಲಸ ವಾರ್ನಿಂಗ್ ಆರ್ಡರ್‌ನಲ್ಲೇ ಇಬ್ಬರಿಗೆ ಹಂಚಿರಬೇಕು. ಕಮಾಂಡರ್ ತಾನೇ ಕೂತು ಕಟ್ಟುತ್ತಿದ್ದರೆ ಹೊತ್ತಿನ ಪಾಠ ಅವನಿಗೆ ಇನ್ನೂ ತಲುಪಿಲ್ಲ.

ಆದೇಶ ಐದು ಭಾಗದಲ್ಲಿ ಹೋಗುತ್ತದೆ. ಪರಿಸ್ಥಿತಿ, ಮಿಷನ್, ಹೇಗೆ ಮಾಡುವುದು, ಊಟ ಸಾಮಾನು ಗಾಯಾಳು, ಕೊನೆಗೆ ಕಮಾಂಡ್ ಮತ್ತು ಸಿಗ್ನಲ್. ಮಿಷನ್ ಮಾತ್ರ ಎರಡು ಸಲ ಓದಬೇಕು, ಅದು ರೂಢಿ. ಮೂರನೆಯ ಭಾಗದಲ್ಲಿ ಪ್ರತಿಯೊಬ್ಬನ ಕೆಲಸ ಬರಬೇಕು. ದಾರಿ ತಪ್ಪಿದರೆ ಸೇರುವ ಜಾಗ, ನೀರಿನಲ್ಲಿ ಒಬ್ಬ ಕಾಣೆಯಾದರೆ ಏನು, ಆಚೆ ದಂಡೆಯಲ್ಲಿ ಯಾರಾದರೂ ಎದುರಾದರೆ ಏನು. ಹೀಗೆ ಮೂರು "ಆದರೆ" ಸಾಕು. ಹತ್ತು ಬರೆದರೆ ಯಾರಿಗೂ ನೆನಪಿರುವುದಿಲ್ಲ. ಇಡೀ ಆದೇಶ ಮುಕ್ಕಾಲು ಗಂಟೆ ಮೀರಬಾರದು.

ಕೊನೆಗೆ ಎಲ್ಲ ಕಮಾಂಡರ್‌ಗಳೂ ಕೇಳುವ ಮಾತು, "ಕೋಯಿ ಶಕ್?" (ಏನಾದರೂ ಅನುಮಾನ?) ಒಂಬತ್ತು ಬಾಯಿಯಿಂದ ಒಟ್ಟಿಗೆ "ನಹೀಂ ಸಾಬ್" ಬರುತ್ತದೆ. ಅದನ್ನು ನಂಬಬೇಡಿ. ಅದರ ಬದಲು ಕಮಾಂಡರ್ ಒಬ್ಬೊಬ್ಬನನ್ನು ಹೆಸರಿಟ್ಟು ಕೇಳಲಿ. "ಎರಡನೇ ಬ್ಯಾಟರಿ ಯಾರ ಹತ್ತಿರ? ನಾನು ಬಿದ್ದರೆ ಯಾರು? ಅವನೂ ಬಿದ್ದರೆ? ನಾವು ಹೋಗುತ್ತಿರುವುದು ಯಾಕೆ?" ಮೊದಲ ಪ್ರಶ್ನೆ ಸೆಕ್ಷನ್‌ನ ಕೊನೆಯಲ್ಲಿ ನಡೆಯುವ, ಮಾತು ಕಡಿಮೆ ಆಡುವ ಹುಡುಗನಿಗೆ ಹೋಗಲಿ. ಅವನಿಗೆ ಗೊತ್ತಿದ್ದರೆ ಆದೇಶ ಮುಟ್ಟಿದೆ.

ಇದು ಬರೀ ಶಿಬಿರದ ಮಾತು ಅನ್ನಿಸಿದರೆ ಹುಡುಗರನ್ನು ಕಾರವಾರ ಕಡಲತೀರದ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯ ಹತ್ತಿರ ಕರೆದುಕೊಂಡು ಹೋಗಿ. ಅವರು ಇಲ್ಲೇ ಚೆಂಡಿಯಾದವರು, ಬಾಂಬೆ ಎಂಜಿನಿಯರ್ಸ್‌ನಲ್ಲಿದ್ದವರು, ಪರಮವೀರ ಚಕ್ರ ಪಡೆದವರು. 1948ರ ಏಪ್ರಿಲ್ 8ರಂದು ನೌಶೇರಾ–ರಾಜೌರಿ ರಸ್ತೆಯಲ್ಲಿ ಮೈನ್ (ನೆಲಬಾಂಬು) ತೆಗೆಯುವ ತಂಡ ಅವರ ಕೈಯಲ್ಲಿತ್ತು. ಕೆಲಸ ಶುರುವಾಗುತ್ತಿದ್ದ ಹಾಗೆ ಮಾರ್ಟರ್ ದಾಳಿ. ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರಿಗೆ ಗಾಯ. ಅವರು ಕೂಡಲೇ ತಂಡವನ್ನು ಮತ್ತೆ ಜೋಡಿಸಿದರು, ಕೆಲಸ ಮುಂದುವರಿಯಿತು. ಏಪ್ರಿಲ್ 11ರ ತನಕ, ಅಡ್ಡ ಬಿದ್ದ ಪೈನ್ ಮರಗಳನ್ನೂ ಮೈನ್‌ಗಳನ್ನೂ ತೆಗೆಯುತ್ತ, ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟರು. ಅವರ ಧೈರ್ಯ ಎಲ್ಲರಿಗೂ ಗೊತ್ತು. ನಾನು ಹುಡುಗರಿಗೆ ಕೇಳುವುದು ಬೇರೆ. ಏಳು ಜನ ಒಮ್ಮೆಲೇ ಬಿದ್ದಾಗ ಉಳಿದವರಿಗೆ ಯಾವ ಕೆಲಸ ಯಾರದು ಅಂತ ಗೊತ್ತಿಲ್ಲದಿದ್ದರೆ ಆ ತಂಡ ಮತ್ತೆ ಜೋಡಣೆ ಆಗುತ್ತಿತ್ತಾ? ಒಂದೆರಡು ನಿಮಿಷ ಯಾರೂ ಮಾತಾಡುವುದಿಲ್ಲ.

ರಿಹರ್ಸಲ್

ಹೊತ್ತು ಕಡಿಮೆಯಾದರೆ ಎಲ್ಲರೂ ಮೊದಲು ಕೈಬಿಡುವುದು ಇದನ್ನೇ. ನನ್ನ ಪ್ರಕಾರ ಕೊನೆಗೆ ಬಿಡಬೇಕಾದದ್ದು ಇದು.

ಎಲ್ಲವನ್ನೂ ಮಾಡಿಸಲು ಆಗುವುದಿಲ್ಲ. ಅತಿ ಅಪಾಯದ ಜಾಗ ಮೊದಲು. ನಮಗೆ ಅದು ಹಳ್ಳ ದಾಟುವುದು. ಮೈದಾನದಲ್ಲಿ ಎರಡು ಹಗ್ಗ ಎಳೆದು ಹಳ್ಳ ಅಂದುಕೊಳ್ಳಿ. ಮೊದಲು ಇಬ್ಬರು ದಾಟಿ ಆಚೆ ಕಾವಲು ಕೂರಬೇಕು, ಆಮೇಲೆ ಹಗ್ಗ, ಆಮೇಲೆ ಉಳಿದವರು, ಎಲ್‌ಎಂಜಿ (ಹಗುರ ಮೆಷಿನ್ ಗನ್) ಹಿಡಿದವನು ಈಚೆ ದಂಡೆಯಿಂದ ಕಾಯುತ್ತ ಕೊನೆಗೆ ಬರಬೇಕು. ಮೊದಲ ಸಲ ಮಾತಾಡುತ್ತ, ಎರಡನೇ ಸಲ ಕೈಸನ್ನೆಯಲ್ಲಿ. ಮೂರನೇ ಸಲ ಕಮಾಂಡರ್‌ನನ್ನು ಪಕ್ಕಕ್ಕೆ ಕರೆದು "ನೀನು ಗಾಯಾಳು" ಅಂದುಬಿಡಿ. ಆಗ ಟೂ ಐಸಿ ಏನು ಮಾಡುತ್ತಾನೆ ನೋಡಿ. ಅಲ್ಲಿ ಕಾಣುವ ಗೊಂದಲವೇ ಯೋಜನೆಯ ನಿಜವಾದ ಅಳತೆ.

ಕತ್ತಲಲ್ಲಿ ಮತ್ತೊಮ್ಮೆ ಮಾಡಿಸಿ. ಹಗಲು ಕಂಡ ಕೈಸನ್ನೆ ರಾತ್ರಿ ಕಾಣುವುದಿಲ್ಲ. ಹೆಗಲು ತಟ್ಟುವುದು, ಹಗ್ಗ ಜಗ್ಗುವುದು ಅಂತ ಆಗ ಅವರೇ ಹುಡುಕಿಕೊಳ್ಳುತ್ತಾರೆ.

ತಪಾಸಣೆ

ಕೈ ಹಾಕಿ ನೋಡಬೇಕು. "ಇದೆಯಾ?" ಅಂದರೆ "ಇದೆ" ಅನ್ನುತ್ತಾರೆ. ಬ್ಯಾಟರಿ ರೇಡಿಯೊಗೆ ಹಾಕಿಸಿ ಮಾತಾಡಿಸಿ. ನೀರಿನ ಬಾಟಲಿ ತುಂಬಿದೆಯಾ ಅಂತ ಅಲ್ಲಾಡಿಸಿ. ಎಲ್ಲರನ್ನೂ ಎರಡು ಸಲ ಕುಪ್ಪಳಿಸಲು ಹೇಳಿ, ಗಿಲಗಿಲ ಶಬ್ದ ಬಂದರೆ ಅಲ್ಲೇ ಬಟ್ಟೆ ಸುತ್ತಿಸಿ. ಬೂಟು ಬಿಚ್ಚಿ ನೀರಿಗೆ ಇಳಿಯುತ್ತೇನೆ ಅನ್ನುವವರಿಗೆ ಬಿಡಬೇಡಿ. ಕಲ್ವೆ, ಬಳಚಿನ ಚಿಪ್ಪು ಕಾಲು ಕೊಯ್ಯುತ್ತದೆ, ಆಮೇಲೆ ಅವನನ್ನು ಇಬ್ಬರು ಹೊರಬೇಕು.

ತಪಾಸಣೆಗೂ ಹೊರಡುವುದಕ್ಕೂ ನಡುವೆ ಅರ್ಧ ಗಂಟೆ ಇರುವುದು, ಸಿಕ್ಕ ತಪ್ಪನ್ನು ಸರಿಮಾಡಲು. ತಪ್ಪಿಲ್ಲದಿದ್ದರೆ ಕೂತು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಅದಕ್ಕೂ 20ರಿಂದ 30 ನಿಮಿಷ ಬೇಕು. ಆ ಹೊತ್ತಿನಲ್ಲಿ ಯಾರೂ ಮೊಬೈಲ್ ತೆರೆಯಬಾರದು.

ವಾಪಸ್ ಬಂದ ಮೇಲೆ

ಬೆಳಗಿನ ವರದಿ ಮುಗಿದ ಮೇಲೆ ಬಿಸಿ ಚಹಾ ಕೊಡಿ. ಆಮೇಲೆ ನೀವು ಮಾತಾಡಬೇಡಿ, ಅವರಿಗೆ ಮಾತಾಡಲು ಬಿಡಿ. ಏನಾಗಬೇಕಿತ್ತು, ಏನಾಯಿತು, ಯಾಕೆ, ಮುಂದಿನ ಸಲ ಏನು. ಚಿಕ್ಕವನಿಂದ ಶುರುಮಾಡಿ, ಕಮಾಂಡರ್ ಕೊನೆಗೆ.

ನಾನು ಪ್ರತಿ ಸಲವೂ ಸಾಲಿನ ಕೊನೆಯ ಹುಡುಗನನ್ನು ಒಂದು ಪ್ರಶ್ನೆ ಕೇಳುತ್ತೇನೆ. "ಆದೇಶ ಸಿಕ್ಕ ಮೇಲೆ ನಿನ್ನ ಕೆಲಸಕ್ಕೆ ಅಂತ ನಿನಗೆ ಎಷ್ಟು ಹೊತ್ತು ಸಿಕ್ಕಿತು?" ಅವನು ಹೇಳಿದ ಗಂಟೆಯನ್ನು ಕಮಾಂಡರ್ ತನ್ನ ನೋಟ್‌ಬುಕ್‌ನಲ್ಲಿ ತಾನೇ ಬರೆದುಕೊಳ್ಳಬೇಕು. ಮುಂದಿನ ಅಭ್ಯಾಸದ ಪುಟ ಅದರ ಕೆಳಗೇ ಶುರುವಾಗುತ್ತದೆ.